ಹಳೆಯ ಕಂಪ್ಯೂಟರಿನಲ್ಲಿ ಹಳೆಯ ಆಟಗಳು: ಓಡಿಸುವ ಬಗೆ, ಮಾರ್ಪಡಿಸುವ ಬಗೆ

ಹುಬ್ಬಳ್ಳಿ, ಧಾರವಾಡ, ಗದಗಗಳ ಎಷ್ಟೋ ಮನೆಗಳ ಅಟ್ಟದ ಮೇಲೆ ಇಪ್ಪತ್ತು ವರ್ಷದ ಹಿಂದಿನ ಕಂಪ್ಯೂಟರುಗಳು ಹಳೆಯ ಸೀರೆ ಹೊದ್ದು ಕುಳಿತಿವೆ. ಕೆಲವು ಮಕ್ಕಳ ಓದಿಗೆಂದು ತಂದವು, ಕೆಲವು ಸೈಬರ್ ಕೆಫೆ ಮುಚ್ಚಿದಾಗ ಅಗ್ಗಕ್ಕೆ ಸಿಕ್ಕವು, ಇನ್ನು ಕೆಲವು ಕಚೇರಿಗೆ ಹೊಸದು ಬಂದಾಗ ಮನೆಗೆ ಬಂದವು. ಗುಜರಿಗೆ ಹಾಕಿದರೆ ತೂಕದ ಲೆಕ್ಕದಲ್ಲಿ ಹೋಗುವ ಈ ಯಂತ್ರಗಳಲ್ಲಿ, ಅವುಗಳ ಕಾಲದ ಆಟಗಳನ್ನು ಇಂದಿನ ದುಬಾರಿ ಲ್ಯಾಪ್‌ಟಾಪಿನಲ್ಲಿ ಆಡುವುದಕ್ಕಿಂತ ಚೆನ್ನಾಗಿ ಆಡಬಹುದು ಎಂಬುದು ನನ್ನ ಅನುಭವ. ನಾನು ಬಳಸುತ್ತಿರುವುದು ವಿದ್ಯಾನಗರದಲ್ಲಿ ಮುಚ್ಚಿಹೋದ ಒಂದು ಕೆಫೆಯಿಂದ ಬಂದ ಪೆಂಟಿಯಮ್ 4 ಯಂತ್ರ: 1.8 ಗಿಗಾಹರ್ಟ್ಸ್ ವೇಗ, 256 ಎಂಬಿ ರ್‍ಯಾಮ್, 40 ಜಿಬಿ ಡಿಸ್ಕು, ಮದರ್‌ಬೋರ್ಡಿನಲ್ಲೇ ಅಡಗಿರುವ ಇಂಟೆಲ್ ಗ್ರಾಫಿಕ್ಸ್. ಈ ಬರಹದ ಬಹುಪಾಲು ಅದರ ಮೇಲೆ ಮಾಡಿ ನೋಡಿದ್ದು.

ಹಳೆಯ ಯಂತ್ರವೇ ಏಕೆ ಎಂದರೆ, ಎಷ್ಟೋ ಆಟಗಳಿಗೆ ಹೊಸ ಯಂತ್ರ ಒಗ್ಗುವುದಿಲ್ಲ. 2000ದ ಆಸುಪಾಸಿನ ಅನೇಕ ಆಟಗಳ ಸಿಡಿಗಳಲ್ಲಿ ನಕಲು ತಡೆಯುವ ಸೇಫ್‌ಡಿಸ್ಕ್ ಎಂಬ ಬೀಗವಿತ್ತು, ಅದನ್ನು ತೆರೆಯಲು ವಿಂಡೋಸ್‌ನೊಳಗೆ ಡ್ರೈವರ್ ಎಂಬ ಒಂದು ಸಹಾಯಕ ತಂತ್ರಾಂಶ ಇರಬೇಕಿತ್ತು. ಭದ್ರತೆಯ ಕಾರಣಕ್ಕೆ ಮೈಕ್ರೋಸಾಫ್ಟ್ ಆ ಡ್ರೈವರನ್ನು 2015ರ ವಿಂಡೋಸ್ 10ರಲ್ಲಿ ಕೈಬಿಟ್ಟಿತು. ಹೀಗಾಗಿ ದುಡ್ಡು ಕೊಟ್ಟು ಕೊಂಡ ಅಸಲಿ ಸಿಡಿ ಹೊಸ ಯಂತ್ರದಲ್ಲಿ ಸುಮ್ಮನೆ ಕೂರುತ್ತದೆ, ವಿಂಡೋಸ್ ಎಕ್ಸ್‌ಪಿ ಇರುವ ಹಳೆಯ ಯಂತ್ರದಲ್ಲಿ ತಕರಾರಿಲ್ಲದೆ ಓಡುತ್ತದೆ. ಹಾಗೆಯೇ 16-ಬಿಟ್ ಕಾಲದ ಇನ್‌ಸ್ಟಾಲರುಗಳನ್ನು 64-ಬಿಟ್ ವಿಂಡೋಸ್ ತೆರೆಯುವುದೇ ಇಲ್ಲ. 1999ರ ಏಜ್ ಆಫ್ ಎಂಪೈರ್ಸ್ 2 ಆಟವು 256 ಬಣ್ಣಗಳ ಪಟ್ಟಿಯನ್ನು ನಂಬಿ ಬರೆದದ್ದಾದ್ದರಿಂದ ವಿಂಡೋಸ್ 7ರಲ್ಲಿ ಅದರ ಹುಲ್ಲು, ನೀರುಗಳ ಬಣ್ಣ ಕೆಟ್ಟು ಕಾಣುತ್ತದೆ. ವಿಂಡೋಸ್ 98ರಲ್ಲಿ ಈ ತೊಂದರೆಯೇ ಇಲ್ಲ.

ಮೊದಲು ಯಂತ್ರದ ಆರೈಕೆ

ಅಟ್ಟದಿಂದ ಇಳಿಸಿದ ಯಂತ್ರಕ್ಕೆ ಕೂಡಲೇ ಕರೆಂಟು ಕೊಡಬಾರದು. ನಮ್ಮ ಭಾಗದ ಎರೆಮಣ್ಣಿನ ಧೂಳು ಹಿಟ್ಟಿನಷ್ಟು ನುಣ್ಣಗಿರುವುದರಿಂದ ಪ್ರೊಸೆಸರಿನ ಮೇಲಿನ ಫ್ಯಾನಿನ ಕೆಳಗೆ, ಅಲ್ಯೂಮಿನಿಯಮ್ ಪಟ್ಟಿಗಳ ನಡುವೆ ಅದು ಕಂಬಳಿಯಂತೆ ಕೂತಿರುತ್ತದೆ. ತಂತಿ ಕಿತ್ತು, ಬದಿಯ ತಗಡನ್ನು ಬಿಚ್ಚಿ, ಒಣ ಬಣ್ಣದ ಬ್ರಷ್ಷಿನಿಂದ ನಿಧಾನವಾಗಿ ಕೆರೆದು, ಬ್ಲೋವರಿನಿಂದ ಊದಬೇಕು. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಬೇಕು, ಇಲ್ಲವಾದರೆ ಅದು ಅತಿವೇಗದಲ್ಲಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಫ್ಯಾನ್ ಬಿಚ್ಚಿದರೆ ಹಳೆಯ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದಂತಾಗಿರುವುದು ಕಾಣುತ್ತದೆ. ಅದನ್ನು ಒರೆಸಿ, ಕಡಲೆಕಾಳಿನಷ್ಟು ಹೊಸ ಪೇಸ್ಟ್ ಇಟ್ಟರೆ ಸಾಕು. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಆಟ ಅರ್ಧಕ್ಕೆ ನಿಂತು ಯಂತ್ರ ತಾನಾಗಿ ಬಂದಾಗುವುದಕ್ಕೆ ಬಹಳ ಸಲ ಕಾರಣ ಇಷ್ಟೇ ಆಗಿರುತ್ತದೆ.

ಆಮೇಲೆ ಮದರ್‌ಬೋರ್ಡಿನ ಮೇಲಿನ ಕೆಪಾಸಿಟರುಗಳನ್ನು ನೋಡಬೇಕು. ಪ್ರೊಸೆಸರಿನ ಸುತ್ತ ಸಾಲಾಗಿ ನಿಂತಿರುವ, ಪೆನ್ಸಿಲ್ ತುಂಡಿನಂಥ ಉರುಟು ಭಾಗಗಳು ಇವು. 2000ದಿಂದ 2007ರ ನಡುವೆ ತಯಾರಾದ ಅನೇಕ ಬೋರ್ಡುಗಳಲ್ಲಿ ಕಳಪೆ ಕೆಪಾಸಿಟರುಗಳಿದ್ದವು. ಒಳಗಿನ ದ್ರವ ಕೆಟ್ಟು ಅನಿಲವಾಗಿ ಅವುಗಳ ನೆತ್ತಿ ಉಬ್ಬುತ್ತದೆ. ನನ್ನ ಯಂತ್ರ ಆಟದ ನಡುವೆ ಕಾರಣವಿಲ್ಲದೆ ರೀಸ್ಟಾರ್ಟ್ ಆಗುತ್ತಿದ್ದಾಗ, ನಾನು ವಿಂಡೋಸನ್ನು ಎರಡು ಸಲ ಹೊಸದಾಗಿ ಹಾಕಿ ಸೋತು, ಕೊನೆಗೆ ರಿಪೇರಿಯವರ ಬಳಿಗೆ ಹೊತ್ತೊಯ್ದೆ. ಅವರು ಟಾರ್ಚನ್ನು ಅಡ್ಡಲಾಗಿ ಹಿಡಿದು, "ಇಲ್ಲಿ ನೋಡ್ರಿ ಸರ, ಮೂರು ಕೆಪಾಸಿಟರ್ ನೆತ್ತಿ ಉಬ್ಬ್ಯಾವು. ಇವನ್ನ ಬದಲು ಮಾಡ್ಲಿಕ್ಕಂದ್ರ ನೀವು ಯಾವ ಸಾಫ್ಟ್‌ವೇರ್ ಹಾಕಿದ್ರೂ ಅಷ್ಟ" ಎಂದರು. ಮೇಲಿನಿಂದ ಬೆಳಕು ಬಿದ್ದಾಗ ಚಪ್ಪಟೆಯಾಗಿ ಕಂಡಿದ್ದ ನೆತ್ತಿಗಳು, ಅಡ್ಡ ಬೆಳಕಿನಲ್ಲಿ ಹೊಟ್ಟೆ ಬಂದ ಪೂರಿಯಂತೆ ಎದ್ದು ಕಂಡವು. ಬೆಸುಗೆ ಬಲ್ಲವರ ಕೈಯಲ್ಲಿ ಇದು ಅರ್ಧ ಗಂಟೆಯ ಕೆಲಸ. ಹೊಸದರ ಮೈಕ್ರೋಫ್ಯಾರಡ್ ಬೆಲೆ ಹಳೆಯದರಷ್ಟೇ ಇರಬೇಕು, ವೋಲ್ಟೇಜ್ ಅಷ್ಟೇ ಅಥವಾ ಹೆಚ್ಚಿರಬೇಕು, ಋಣ ತುದಿಯ ಪಟ್ಟಿ ಸರಿಯಾದ ದಿಕ್ಕಿಗೆ ಬರಬೇಕು. ಯಂತ್ರಕ್ಕೆ ಕರೆಂಟು ಹಂಚುವ ಎಸ್‌ಎಂಪಿಎಸ್ ಡಬ್ಬಿಯನ್ನು ಮತ್ತು ಹಳೆಯ ದಪ್ಪ ಮಾನಿಟರನ್ನು ಮಾತ್ರ ಮನೆಯಲ್ಲಿ ಬಿಚ್ಚಲೇಬಾರದು. ತಂತಿ ಕಿತ್ತ ಮೇಲೂ ಅವುಗಳೊಳಗೆ ಜೀವಕ್ಕೆ ಅಪಾಯವಾಗುವಷ್ಟು ವಿದ್ಯುತ್ತು ಉಳಿದಿರುತ್ತದೆ.

ಗಡಿಯಾರ ಪ್ರತಿಸಲ ಹಿಂದಿನ ಇಸವಿಗೆ ಹೋಗುತ್ತಿದ್ದರೆ ಬೋರ್ಡಿನ ಮೇಲಿನ ನಾಣ್ಯದಂಥ ಸಿಆರ್2032 ಬ್ಯಾಟರಿಯನ್ನು ಬದಲಿಸಬೇಕು, ಅದು 3 ವೋಲ್ಟಿನದು, ಕೈಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ಡಿಸ್ಕಿನ ವಿಷಯದಲ್ಲಿ ಇನ್ನೊಂದು ಮಾತು. ಅದನ್ನು ಅಳಿಸಿ ಹೊಸದಾಗಿ ವಿಂಡೋಸ್ ಹಾಕುವ ಮುನ್ನ ಒಳಗೆ ಏನಿದೆ ಎಂದು ಸಾವಧಾನವಾಗಿ ನೋಡಬೇಕು. 2004ರ ಮದುವೆಯ ಫೋಟೋಗಳು, ಈಗಿಲ್ಲದವರ ದನಿ, ‘ನುಡಿ’, ‘ಬರಹ’ ಎಂಬ ಕನ್ನಡ ತಂತ್ರಾಂಶಗಳಲ್ಲಿ ಟೈಪು ಮಾಡಿದ ಪತ್ರಗಳು ಅಲ್ಲಿರುವ ಸಂಭವ ಹೆಚ್ಚು. ಅಂಥ ಕಡತಗಳ ಜೊತೆಗೆ ಅವುಗಳ ಫಾಂಟುಗಳನ್ನೂ ತೆಗೆದಿಡಬೇಕು, ಏಕೆಂದರೆ ಹಳೆಯ ಸಂಕೇತದಲ್ಲಿರುವ ಅವು ಆ ಫಾಂಟು ಇಲ್ಲದೆ ಓದಲು ಬರುವುದಿಲ್ಲ. ಡಿಸ್ಕು ಕಟಕಟ ಸದ್ದು ಮಾಡುತ್ತಿದ್ದರೆ ಅದನ್ನು ನಂಬದೆ, ಕಾಂಪ್ಯಾಕ್ಟ್ ಫ್ಲ್ಯಾಶ್ ಎಂಬ ಮೆಮೊರಿ ಕಾರ್ಡನ್ನು, ಹಳೆಯ ಡಿಸ್ಕುಗಳ ಜೋಡಣೆಯಾದ ಐಡಿಇಯ ಅಡಾಪ್ಟರಿನಲ್ಲಿ ಸಿಕ್ಕಿಸಿ ಡಿಸ್ಕಿನ ಜಾಗದಲ್ಲಿಡಬಹುದು. ಈ ಕಾರ್ಡಿನ ಭಾಷೆಯೂ ಐಡಿಇ ಭಾಷೆಯೇ ಆದ್ದರಿಂದ ಯಂತ್ರಕ್ಕೆ ವ್ಯತ್ಯಾಸವೇ ತಿಳಿಯುವುದಿಲ್ಲ, ಸದ್ದೂ ಇರುವುದಿಲ್ಲ.

ಯಂತ್ರಕ್ಕೆ ತಕ್ಕ ವಿಂಡೋಸ್, ವಿಂಡೋಸ್‌ಗೆ ತಕ್ಕ ಆಟ

ಹೊಸಬರು ಮಾಡುವ ದೊಡ್ಡ ತಪ್ಪೆಂದರೆ, ಹಳೆಯ ಯಂತ್ರಕ್ಕೆ ಸಿಗುವಷ್ಟು ಹೊಸ ವಿಂಡೋಸನ್ನು ತುರುಕಿ, ಅದರ ಮೇಲೆ ಡಾಸ್‌ಬಾಕ್ಸ್ ಹಾಕಿ, ಅದರೊಳಗೆ ಹಳೆಯ ಆಟವನ್ನು ಆಡಲು ಹೊರಡುವುದು. ಡಾಸ್‌ಬಾಕ್ಸ್ ಬಹಳ ಒಳ್ಳೆಯ ತಂತ್ರಾಂಶ, ಆದರೆ ಅದು ಒಂದು ಇಡೀ ಹಳೆಯ ಕಂಪ್ಯೂಟರನ್ನು ಸಾಫ್ಟ್‌ವೇರಿನಲ್ಲಿ ನಟಿಸುತ್ತದೆ, ಆ ನಟನೆಗೆ ನಿಜವಾದ ಯಂತ್ರದ ಹಲವು ಪಟ್ಟು ಶಕ್ತಿ ಬೇಕು. ನನ್ನ 1.8 ಗಿಗಾಹರ್ಟ್ಸ್ ಯಂತ್ರದಲ್ಲಿ ಡಾಸ್‌ಬಾಕ್ಸಿನೊಳಗೆ 1990ರ ಪ್ರಿನ್ಸ್ ಆಫ್ ಪರ್ಷಿಯಾ ಸಲೀಸಾಗಿ ಓಡುತ್ತದೆ, 1993ರ ಡೂಮ್ ಕುಂಟುತ್ತದೆ. ಅದೇ ಡೂಮ್ ಆಟಕ್ಕೆ, ಆಜ್ಞೆ ಟೈಪು ಮಾಡಿ ನಡೆಸುವ ಹಳೆಯ ಕಾರ್ಯವ್ಯವಸ್ಥೆಯಾದ ಡಾಸ್‌ನಲ್ಲಿ ನೇರವಾಗಿ ಬೇಕಾದುದು 386 ಪ್ರೊಸೆಸರ್ ಮತ್ತು 4 ಎಂಬಿ ರ್‍ಯಾಮ್ ಮಾತ್ರ. ಯಂತ್ರ ತಾನೇ ಹಳೆಯದಾಗಿರುವಾಗ ಹಳೆಯತನವನ್ನು ನಟಿಸಬೇಕಾದ ಅಗತ್ಯವಿಲ್ಲ.

486 ಮತ್ತು ಮೊದಲ ಪೆಂಟಿಯಮ್‌ಗಳಿಗೆ ಡಾಸ್ ಸಾಕು. ಎಂಎಸ್-ಡಾಸ್ ಇಲ್ಲದವರು ಉಚಿತವಾಗಿ ಸಿಗುವ ಫ್ರೀಡಾಸ್ ಹಾಕಿಕೊಳ್ಳಬಹುದು. ಪೆಂಟಿಯಮ್ 2, 3ಕ್ಕೂ ಪೆಂಟಿಯಮ್ 4ರ ಮೊದಲ ಮಾದರಿಗಳಿಗೂ ವಿಂಡೋಸ್ 98ರ ಎರಡನೆಯ ಆವೃತ್ತಿ ಚೆನ್ನಾಗಿ ಹೊಂದುತ್ತದೆ, ಅದರಿಂದ ಡಾಸ್‌ಗೂ ನೇರವಾಗಿ ಇಳಿಯಬಹುದು. ಆದರೆ 512 ಎಂಬಿಗಿಂತ ಹೆಚ್ಚು ರ್‍ಯಾಮ್ ಇದ್ದರೆ ವಿಂಡೋಸ್ 98 ತೊಡರುತ್ತದೆ. ಆಗ ಸಿಸ್ಟಮ್.ಐಎನ್‌ಐ ಫೈಲಿನ ವಿಕ್ಯಾಶ್ ವಿಭಾಗದಲ್ಲಿ ಮ್ಯಾಕ್ಸ್‌ಫೈಲ್‌ಕ್ಯಾಶ್ ಎಂಬ ಸಾಲು ಸೇರಿಸಿ ಮಿತಿ ಹಾಕಬೇಕು, ಇಲ್ಲವೇ ಒಂದು ರ್‍ಯಾಮ್ ಪಟ್ಟಿಯನ್ನು ಕಿತ್ತಿಡಬೇಕು. 137 ಜಿಬಿಗಿಂತ ದೊಡ್ಡ ಡಿಸ್ಕನ್ನೂ ಅದಕ್ಕೆ ಕೊಡಬಾರದು. ಪೆಂಟಿಯಮ್ 4ರ ನಂತರದವಕ್ಕೆ, 512 ಎಂಬಿ ಅಥವಾ ಹೆಚ್ಚು ರ್‍ಯಾಮ್ ಇದ್ದರೆ, ವಿಂಡೋಸ್ ಎಕ್ಸ್‌ಪಿಯ ಮೂರನೆಯ ಸರ್ವಿಸ್ ಪ್ಯಾಕ್ ಸರಿ. ನಾನು ಡಿಸ್ಕನ್ನು ಎರಡು ಭಾಗ ಮಾಡಿ, ಮೊದಲು 98, ಆಮೇಲೆ ಎಕ್ಸ್‌ಪಿ ಹಾಕಿದ್ದೇನೆ. ಈ ಅನುಕ್ರಮವನ್ನು ಅದಲುಬದಲು ಮಾಡಿದರೆ ಎಕ್ಸ್‌ಪಿಯ ಬೂಟ್ ಮೆನುವನ್ನು 98 ಅಳಿಸಿಹಾಕುತ್ತದೆ.

ವಿಂಡೋಸ್ 98ಕ್ಕೆ 2006ರಲ್ಲಿ, ಎಕ್ಸ್‌ಪಿಗೆ 2014ರಲ್ಲಿ ಭದ್ರತಾ ಬೆಂಬಲ ನಿಂತಿರುವುದರಿಂದ ಈ ಯಂತ್ರವನ್ನು ಇಂಟರ್‌ನೆಟ್ಟಿಗೆ ಜೋಡಿಸದಿರುವುದೇ ಕ್ಷೇಮ. ಬೇಕಾದ ಫೈಲುಗಳನ್ನು ಹೊಸ ಯಂತ್ರದಲ್ಲಿ ಇಳಿಸಿ, ವೈರಸ್ ಪರೀಕ್ಷೆ ಮಾಡಿ, ಪೆನ್‌ಡ್ರೈವಿನಲ್ಲಿ ತರಬೇಕು. ವಿಂಡೋಸ್ 98 ತಾನಾಗಿ ಪೆನ್‌ಡ್ರೈವನ್ನು ಗುರುತಿಸದು, ಆದ್ದರಿಂದ ಅದರ ಡ್ರೈವರನ್ನು ಮೊದಲು ಒಂದು ಸಿಡಿಗೆ ಬರೆದು ಹಾಕಬೇಕಾಗುತ್ತದೆ. ಆಟಗಳನ್ನು ಸ್ವಂತ ಸಿಡಿಯಿಂದಲೋ, ಹಳೆಯ ಆಟಗಳನ್ನು ಬೀಗವಿಲ್ಲದೆ ಮಾರುವ ಜಿಒಜಿಯಂಥ ಮಳಿಗೆಯಿಂದಲೋ ಪಡೆಯಬೇಕು. ಅಲ್ಲಿ ಕೊಂಡ ಡಾಸ್ ಆಟಗಳು ಸಾಮಾನ್ಯವಾಗಿ ಡಾಸ್‌ಬಾಕ್ಸಿನ ಜೊತೆಗೆ ಬರುತ್ತವೆ. ಹೊಸ ಯಂತ್ರದಲ್ಲಿ ಇನ್‌ಸ್ಟಾಲ್ ಮಾಡಿ, ಆ ಫೋಲ್ಡರಿನಿಂದ ಆಟದ ಮೂಲ ಫೈಲುಗಳನ್ನಷ್ಟೇ ಎತ್ತಿ ಹಳೆಯ ಯಂತ್ರಕ್ಕೆ ಹಾಕಿಕೊಂಡರೆ ಅವು ನಿಜವಾದ ಡಾಸ್‌ನಲ್ಲಿ ಓಡುತ್ತವೆ. ಕದ್ದ ಪ್ರತಿಗಳಲ್ಲಿ ವೈರಸ್ ಕಾಟ ಒಂದು ಕಡೆಯಾದರೆ, ಯಾರೋ ಆಗಲೇ ತಿದ್ದಿರುವ ಫೈಲುಗಳ ಮೇಲೆ ನಮ್ಮ ಮಾರ್ಪಾಡು ಕೂರದಿರುವುದು ಇನ್ನೊಂದು ಕಡೆ.

ಡಾಸ್‌ನ 640 ಕಿಲೋಬೈಟು

ಡಾಸ್ ಆಟ ಓಡಿಸುವಾಗ "ಸಾಕಷ್ಟು ಮೆಮೊರಿ ಇಲ್ಲ" ಎಂಬ ಸಂದೇಶ ಕಂಡು, ಯಂತ್ರದಲ್ಲಿ 256 ಎಂಬಿ ಇದೆಯಲ್ಲ ಎಂದು ಬೆರಗಾಗುವವರಿದ್ದಾರೆ. ಡಾಸ್ ಎಷ್ಟೇ ರ್‍ಯಾಮ್ ಇದ್ದರೂ ಮೊದಲಿನ 640 ಕಿಲೋಬೈಟನ್ನೇ ಮುಖ್ಯ ಅಂಗಳವೆಂದು ತಿಳಿಯುತ್ತದೆ. ಡಾಸ್ ತಾನು, ಮೌಸಿನ ಡ್ರೈವರು, ಸಿಡಿಯ ಡ್ರೈವರು ಎಲ್ಲವೂ ಆ ಅಂಗಳದಲ್ಲೇ ಚಾಪೆ ಹಾಸುತ್ತವೆ. ಆಟಕ್ಕೆ 600 ಕಿಲೋಬೈಟು ಬೇಕಿದ್ದು 540 ಉಳಿದಿದ್ದರೆ ಅದು ಓಡದು. ಪರಿಹಾರವೆಂದರೆ ಯಂತ್ರ ಏಳುವಾಗ ಡಾಸ್ ಓದುವ ಕಾನ್ಫಿಗ್.ಸಿಸ್ ಫೈಲಿನಲ್ಲಿ, ಮೆಮೊರಿ ನೋಡಿಕೊಳ್ಳುವ ಹಿಮೆಮ್.ಸಿಸ್ ಮತ್ತು ಇಎಂಎಂ386.ಎಕ್ಸಿ ಎರಡನ್ನೂ ಕರೆದು, ಡಾಸ್‌ನ್ನು ಮೇಲಿನ ಜಾಗಕ್ಕೆ ಕಳಿಸುವ ‘ಡಾಸ್=ಹೈ,ಯುಎಂಬಿ’ ಎಂಬ ಸಾಲನ್ನು ಸೇರಿಸಿ, ಡ್ರೈವರುಗಳನ್ನು ‘ಡಿವೈಸ್’ ಎಂಬುದರ ಬದಲು ‘ಡಿವೈಸ್‌ಹೈ’ ಎಂಬ ಪದದಿಂದ ಕರೆಯುವುದು. ಅದರ ನಂತರ ಡಾಸ್ ಓದುವ ಆಟೋಎಕ್ಸೆಕ್.ಬ್ಯಾಟ್ ಫೈಲಿನಲ್ಲಿ ಅದೇ ಕೆಲಸವನ್ನು ‘ಎಲ್‌ಎಚ್’ ಮಾಡುತ್ತದೆ. ಮೌಸಿಗೆ ಕ್ಯೂಟ್‌ಮೌಸ್ ಎಂಬ ಪುಟ್ಟ ಡ್ರೈವರ್ ಹಾಕಿದರೆ ಇನ್ನಷ್ಟು ಜಾಗ ಉಳಿಯುತ್ತದೆ. ಯಾರು ಎಷ್ಟು ಜಾಗ ಹಿಡಿದಿದ್ದಾರೆಂದು ‘ಮೆಮ್’ ಆಜ್ಞೆಗೆ ಓರೆಗೆರೆಯೊಡನೆ ‘ಸಿ’ ಸೇರಿಸಿ ಕೇಳಿದರೆ ಪಟ್ಟಿಯೇ ಬರುತ್ತದೆ.

ಇದರಲ್ಲೂ ಒಂದು ತೊಡಕಿದೆ. 1992ರ ಅಲ್ಟಿಮಾ 7ರಂಥ ಆಟಗಳು ತಮ್ಮದೇ ಮೆಮೊರಿ ವ್ಯವಸ್ಥೆಯನ್ನು ತರುವುದರಿಂದ ಇಎಂಎಂ386 ಇದ್ದರೆ ಓಡಲು ಒಪ್ಪುವುದಿಲ್ಲ. ಹಾಗಾಗಿ ಕಾನ್ಫಿಗ್.ಸಿಸ್‌ನಲ್ಲಿ ಮೆನು ಮಾಡಿಕೊಂಡು, ಯಂತ್ರ ಏಳುವಾಗ ಒಂದು ಬಗೆ ಅಥವಾ ಇನ್ನೊಂದು ಬಗೆ ಆರಿಸುವಂತೆ ಇಡುವುದು ಒಳ್ಳೆಯದು. ಎಂಎಸ್-ಡಾಸ್ 6ರಿಂದ ಈ ಸೌಲಭ್ಯವಿದೆ.

ಧ್ವನಿ ಇನ್ನೂ ಕಷ್ಟದ್ದು. ಡಾಸ್ ಆಟಗಳು ಸೌಂಡ್ ಬ್ಲಾಸ್ಟರ್ ಕಾರ್ಡನ್ನೇ ಹುಡುಕುತ್ತವೆ. ನಿಜವಾದ ಕಾರ್ಡಿದ್ದರೆ ಆಟೋಎಕ್ಸೆಕ್.ಬ್ಯಾಟ್‌ನಲ್ಲಿ ಬ್ಲಾಸ್ಟರ್ ಎಂಬ ಹೆಸರಿಗೆ ವಿಳಾಸ 220, ಐಆರ್‌ಕ್ಯೂ 5, ಡಿಎಂಎ 1 ಎಂದು ಹೇಳಿಟ್ಟರೆ ಬಹುತೇಕ ಆಟಗಳು ದನಿ ತೆಗೆಯುತ್ತವೆ. ಪೆಂಟಿಯಮ್ 4ರ ಕಾಲದ ಬೋರ್ಡುಗಳಲ್ಲಿ ಇರುವ ಎಸಿ97 ಎಂಬ ಧ್ವನಿ ಚಿಪ್ಪು ಡಾಸ್‌ಗೆ ಅರ್ಥವೇ ಆಗುವುದಿಲ್ಲ. ಇದಕ್ಕೆ ಈಚಿನ ವರ್ಷಗಳಲ್ಲಿ ಎಸ್‌ಬಿಇಎಂಯು ಎಂಬ ಉಚಿತ ತಂತ್ರಾಂಶ ಬಂದಿದೆ. ಅದು ಹಿನ್ನೆಲೆಯಲ್ಲಿ ಕುಳಿತು ಎಸಿ97 ಚಿಪ್ಪನ್ನೇ ಸೌಂಡ್ ಬ್ಲಾಸ್ಟರ್ ಎಂದು ಆಟಕ್ಕೆ ನಂಬಿಸುತ್ತದೆ.

ವೇಗ ಹೆಚ್ಚಾದುದೂ ತೊಂದರೆಯೇ. ‘ರನ್‌ಟೈಮ್ ಎರರ್ 200’ ಎಂದು ಹೇಳಿ ನಿಲ್ಲುವ ಆಟಗಳು ಟರ್ಬೋ ಪಾಸ್ಕಲ್‌ನಲ್ಲಿ ಬರೆದವು. ಅವು ಆರಂಭದಲ್ಲಿ ಯಂತ್ರದ ವೇಗವನ್ನು ಎಣಿಸಿ ಭಾಗಿಸುತ್ತವೆ, ಸುಮಾರು 200 ಮೆಗಾಹರ್ಟ್ಸ್ ದಾಟಿದ ಯಂತ್ರದಲ್ಲಿ ಉತ್ತರ ಇಡಲು ಜಾಗ ಸಾಲದೆ ಲೆಕ್ಕವೇ ಮುರಿದುಬೀಳುತ್ತದೆ. ಇದನ್ನು ಸರಿಪಡಿಸುವ ತಿದ್ದುಪಡಿ ಫೈಲುಗಳು, ಅಂದರೆ ಪ್ಯಾಚುಗಳು, ಸಿದ್ಧವಾಗಿವೆ. ಯಂತ್ರದ ಓಟಕ್ಕೆ ತಕ್ಕಂತೆ ತಾವೂ ಓಡುವ, 1990ರ ವಿಂಗ್ ಕಮಾಂಡರಿನಂಥ ಆಟಗಳಿಗೆ, ಬೋರ್ಡಿನ ಮೂಲ ಸೆಟ್ಟಿಂಗುಗಳಿರುವ ಬಯಾಸ್‌ನಲ್ಲಿ ಕ್ಯಾಶ್ ಎಂಬ ಪ್ರೊಸೆಸರಿನ ವೇಗದ ಮೆಮೊರಿಯನ್ನು ಬಂದು ಮಾಡಿ ವೇಗ ತಗ್ಗಿಸಬಹುದು, ಇಲ್ಲವೇ ಈ ಒಂದು ಕಡೆ ಡಾಸ್‌ಬಾಕ್ಸನ್ನೇ ನೆಚ್ಚಿ ಕಂಟ್ರೋಲ್ ಜೊತೆ ಎಫ್11 ಒತ್ತಿ ನಿಧಾನ, ಎಫ್12 ಒತ್ತಿ ಜೋರು ಮಾಡಿಕೊಳ್ಳಬಹುದು.

ಮಾರ್ಪಾಡಿಗೆ ಕೈಹಾಕುವ ಮುನ್ನ

ಆಟ ಸರಿಯಾಗಿ ಓಡಿದ ದಿನವೇ ಅದರ ಇಡೀ ಫೋಲ್ಡರನ್ನು ನಕಲು ಮಾಡಿ, ‘ಮೂಲ’ ಎಂದು ಗುರುತಾಗುವ ಹೆಸರಿಟ್ಟು, ಅದನ್ನು ಮತ್ತೆ ಮುಟ್ಟಬಾರದು. ಇದು ನನಗೆ ನಷ್ಟದಿಂದ ತಿಳಿದ ಪಾಠ. ಜಿಟಿಎ ವೈಸ್ ಸಿಟಿ ಎಂಬ ಆಟದ ಮೇಲೆ ಒಂದೇ ಸಂಜೆ ಐದಾರು ಮಾರ್ಪಾಡುಗಳನ್ನು ಹಾಕಿದೆ, ಆಟ ತೆರೆಯುವುದನ್ನೇ ನಿಲ್ಲಿಸಿತು, ಯಾವುದು ಕೆಡಿಸಿತೆಂದು ಹೇಳಲು ಯಾವ ದಾರಿಯೂ ಉಳಿದಿರಲಿಲ್ಲ. ಅದರ ಸಿಡಿಯ ಮೇಲೆ ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿದಿದ್ದರಿಂದ ಹೊಸದಾಗಿ ಹಾಕುವುದೂ ಆಗಲಿಲ್ಲ. ಅಂದಿನಿಂದ ಒಂದು ಬದಲಾವಣೆ, ಒಮ್ಮೆ ಆಡಿ ನೋಡುವುದು, ನೋಟ್‌ಬುಕ್ಕಿನಲ್ಲಿ ದಿನಾಂಕದೊಡನೆ ಒಂದು ಸಾಲು, ಆಮೇಲೆ ಮುಂದಿನ ಬದಲಾವಣೆ ಎಂಬ ಕ್ರಮವನ್ನು ಬಿಟ್ಟಿಲ್ಲ. ಸಿಡಿಯಿಂದ ನಕಲಾದ ಫೈಲುಗಳಿಗೆ ‘ಓದಲು ಮಾತ್ರ’ ಎಂಬ ಗುಣ ಅಂಟಿಕೊಂಡಿರುತ್ತದೆ ಎಂಬುದನ್ನೂ ನೆನಪಿಡಬೇಕು. ಪ್ರಾಪರ್ಟೀಸ್‌ಗೆ ಹೋಗಿ ಆ ಗುರುತನ್ನು ತೆಗೆಯದಿದ್ದರೆ ತಿದ್ದಿದ್ದು ಉಳಿಯುವುದಿಲ್ಲ.

ಮಾರ್ಪಾಡು ಕಲಿಯಲು ಡೂಮ್‌ಗಿಂತ ಒಳ್ಳೆಯ ಶಾಲೆಯನ್ನು ನಾನು ಕಂಡಿಲ್ಲ. ಡಿಸೆಂಬರ್ 1993ರಲ್ಲಿ ಇದನ್ನು ಹೊರತಂದ ಇಡ್ ಸಾಫ್ಟ್‌ವೇರ್ ಸಂಸ್ಥೆ, ಆಟವನ್ನು ನಡೆಸುವ ಯಂತ್ರಭಾಗವನ್ನು ಒಂದು ಕಡೆ, ಚಿತ್ರ, ಸದ್ದು, ನಕ್ಷೆಗಳನ್ನೆಲ್ಲ ವ್ಯಾಡ್ ಎಂಬ ಒಂದೇ ಫೈಲಿನಲ್ಲಿ ಇನ್ನೊಂದು ಕಡೆ ಇಟ್ಟಿತು. 1997ರಲ್ಲಿ ಆಟದ ಮೂಲ ಸಂಕೇತವನ್ನೂ ಬಹಿರಂಗ ಮಾಡಿತು. ವ್ಯಾಡ್ ಫೈಲನ್ನು ಒಂದು ಕಪಾಟೆಂದು ತಿಳಿಯಬಹುದು. ಒಳಗೆ ಒಂದೊಂದು ಗಂಟಿಗೆ ಗರಿಷ್ಠ ಎಂಟು ಅಕ್ಷರಗಳ ಹೆಸರು, ಕಪಾಟಿನ ಒಂದು ಕಡೆ ಯಾವ ಗಂಟು ಎಲ್ಲಿದೆ ಎಂಬ ಪಟ್ಟಿ. ಮೂಲ ಕಪಾಟನ್ನು ತೆರೆಯದೆಯೇ, ನಮ್ಮದೊಂದು ಚಿಕ್ಕ ಕಪಾಟು ಮಾಡಿ ಅದರಲ್ಲಿ ಅದೇ ಹೆಸರಿನ ಗಂಟು ಇಟ್ಟರೆ, ಆಟ ಮೂಲದ್ದನ್ನು ಬಿಟ್ಟು ನಮ್ಮದನ್ನು ಎತ್ತಿಕೊಳ್ಳುತ್ತದೆ. ಚಿಕ್ಕ ಕಪಾಟಿಗೆ ಪಿವ್ಯಾಡ್ ಎನ್ನುತ್ತಾರೆ. ಕೆಟ್ಟರೆ ಅದನ್ನಷ್ಟೇ ಅಳಿಸಿದರಾಯಿತು, ಮೂಲ ಆಟಕ್ಕೆ ಧಕ್ಕೆಯಿಲ್ಲ.

ಮೊದಲ ಅಭ್ಯಾಸವಾಗಿ ಆಟದ ಮುಖಪುಟವನ್ನು ಕನ್ನಡದ್ದಾಗಿ ಮಾಡಿ ನೋಡಬಹುದು. ಆ ಗಂಟಿನ ಹೆಸರು ಟೈಟಲ್‌ಪಿಕ್. ಅದು 320 ಅಡ್ಡ, 200 ಉದ್ದ ಚುಕ್ಕೆಗಳ, 256 ಬಣ್ಣಗಳ ಚಿತ್ರ. ಆದರೆ ಹಳೆಯ ಮಾನಿಟರು ಆ 200 ಸಾಲುಗಳನ್ನು 4:3ರ ಪರದೆ ತುಂಬುವಂತೆ ಎಳೆಯುವುದರಿಂದ ಎಲ್ಲವೂ 1.2 ಪಟ್ಟು ಎತ್ತರವಾಗಿ ಕಾಣುತ್ತದೆ. ಆದ್ದರಿಂದ ಚಿತ್ರವನ್ನು 320ಕ್ಕೆ 240ರಲ್ಲಿ ಬರೆದು, ಕೊನೆಯಲ್ಲಿ 200ಕ್ಕೆ ಒತ್ತಬೇಕು. ಇದನ್ನು ತಿಳಿಯದೆ ನಾನು ಮೊದಲು ಬರೆದ ‘ಹುಬ್ಬಳ್ಳಿ’ ಎಂಬ ಪದದ ಒತ್ತಕ್ಷರಗಳು ಬಾವಿಗೆ ಇಳಿಬಿಟ್ಟ ಹಗ್ಗದಂತೆ ಕೆಳಗೆ ಜೋತುಬಿದ್ದವು. ಕನ್ನಡಕ್ಕೆ ಒತ್ತಿನ ಸಾಲೂ ಬೇಕಾಗುವುದರಿಂದ, ಅಕ್ಷರಕ್ಕೆ ಒತ್ತು ಸೇರಿ ಕನಿಷ್ಠ 28 ಚುಕ್ಕೆಗಳ ಎತ್ತರ ಇಟ್ಟರೆ ಸ್ಪಷ್ಟವಾಗಿ ಓದಲು ಬರುತ್ತದೆ.

ಅಕ್ಷರ ಮೂಡಿಸುವಲ್ಲಿ ಹಳೆಯ ವಿಂಡೋಸ್ ಒಂದು ಅನುಕೂಲ ಕೊಡುತ್ತದೆ. ವಿಂಡೋಸ್ 98ಕ್ಕೆ ಯೂನಿಕೋಡ್ ಕನ್ನಡವನ್ನು ಕೂಡಿಸಿ ಬರೆಯಲು ಬಾರದು, ಆದರೆ ನುಡಿ, ಬರಹಗಳ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಇಟ್ಟಿರುವುದರಿಂದ, ಸಾದಾ ಪೇಂಟ್ ತಂತ್ರಾಂಶದಲ್ಲೂ ಒತ್ತಕ್ಷರಗಳು ಸರಿಯಾಗಿ ಬರುತ್ತವೆ. ಎಕ್ಸ್‌ಪಿಯಲ್ಲಾದರೆ ಅದರೊಡನೆ ಬರುವ ತುಂಗಾ ಫಾಂಟಿನಿಂದ ಯೂನಿಕೋಡಿನಲ್ಲೇ ಬರೆಯಬಹುದು. ಅಕ್ಷರಗಳ ಅಂಚನ್ನು ಮೆದುಗೊಳಿಸುವ ಸೌಲಭ್ಯವನ್ನು ಬಂದು ಮಾಡಿ ಬರೆಯುವುದು ಲೇಸು. 256 ಬಣ್ಣಗಳಿಗೆ ಇಳಿಸಿದಾಗ ಆ ಮೆದು ಅಂಚು ಕೊಳಕು ಕಲೆಯಾಗುತ್ತದೆ.

ಬಣ್ಣದ ವಿಷಯಕ್ಕೆ ಬಂದರೆ, ಡೂಮ್‌ನ ಬಣ್ಣಪಟ್ಟಿಯಲ್ಲಿ ಕಂದು, ಕೆಂಪು, ಬೂದು, ಹಸಿರುಗಳು ಧಾರಾಳ, ನೀಲಿ ಕೆಲವೇ. ಹುಬ್ಬಳ್ಳಿಯ ಉಣಕಲ್ ಕೆರೆಯ ಸಂಜೆಯ ಚಿತ್ರವನ್ನು ಹಾಕಲು ನೋಡಿದಾಗ ಆಕಾಶವೆಲ್ಲ ಪಟ್ಟೆಪಟ್ಟೆಯಾಗಿ, ನೀರು ಬೂದಿಯಂತಾಯಿತು. ಅದೇ ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿಯ ಚಿತ್ರವನ್ನು ಹಾಕಿದಾಗ, ಚಾಲುಕ್ಯರ ಕಾಲದ ಆ ಕಲ್ಲಿನ ಕಂದು, ಕಂಬದ ನೆರಳಿನ ಕಪ್ಪು, ಎಲ್ಲವೂ ಆ ಪಟ್ಟಿಯಲ್ಲಿ ತಮಗೆಂದೇ ಇಟ್ಟ ಬಣ್ಣಗಳು ಸಿಕ್ಕಂತೆ ಕೂತವು. ಆಟದ ಬಣ್ಣಪಟ್ಟಿಯನ್ನು ನೋಡಿ ಚಿತ್ರ ಆರಿಸಬೇಕೇ ಹೊರತು, ಚಿತ್ರ ಆರಿಸಿಕೊಂಡು ಪಟ್ಟಿಯೊಡನೆ ಜಗಳಕ್ಕೆ ಬೀಳಬಾರದು.

ಚಿತ್ರ ಸಿದ್ಧವಾದ ಮೇಲೆ, ಸ್ಲೇಡ್ ಎಂಬ ಉಚಿತ ಸಂಪಾದಕದಲ್ಲಿ ಹೊಸ ಪಿವ್ಯಾಡ್ ತೆರೆದು, ಚಿತ್ರವನ್ನು ಒಳಗೆ ತಂದು, ಡೂಮ್‌ನ ಚಿತ್ರ ರೂಪಕ್ಕೆ ಪರಿವರ್ತಿಸಿ, ಟೈಟಲ್‌ಪಿಕ್ ಎಂದು ಹೆಸರಿಟ್ಟು ಉಳಿಸಬೇಕು. ಸ್ಲೇಡ್ ಹೊಸ ಯಂತ್ರದಲ್ಲಿ ಓಡುವಂಥದು, ಆದ್ದರಿಂದ ಈ ಭಾಗವನ್ನು ಅಲ್ಲಿ ಮುಗಿಸಿ ಫೈಲನ್ನಷ್ಟೇ ತರುವುದು ಸುಲಭ. ಫೈಲಿನ ಹೆಸರು ಎಂಟು ಅಕ್ಷರ ಮೀರಬಾರದು, ಡಾಸ್‌ಗೆ ಅದಕ್ಕಿಂತ ಉದ್ದದ್ದು ತಿಳಿಯದು. ಆಮೇಲೆ ಡಾಸ್‌ನಲ್ಲಿ ಆಟದ ಹೆಸರು ಬರೆದು, ತೆರಪು ಬಿಟ್ಟು, ಚಿಕ್ಕ ಅಡ್ಡಗೆರೆಯೊಡನೆ ‘ಫೈಲ್’ ಎಂಬ ಪದ, ಮತ್ತೆ ತೆರಪು, ಆಮೇಲೆ ನಮ್ಮ ಪಿವ್ಯಾಡ್‌ನ ಹೆಸರು ಬರೆದು ಎಂಟರ್ ಒತ್ತಿದರೆ ಗುಡಿಯ ಚಿತ್ರದೊಡನೆ ಆಟ ತೆರೆಯುತ್ತದೆ. ಉಚಿತವಾಗಿ ಹಂಚಿದ ಮೊದಲ ಅಧ್ಯಾಯದ ಶೇರ್‌ವೇರ್ ಪ್ರತಿ ಇದನ್ನು ಒಪ್ಪುವುದಿಲ್ಲ, ಕೊಂಡ ಪೂರ್ಣ ಪ್ರತಿಯೇ ಬೇಕು.

ಸದ್ದು ಬದಲಿಸುವುದು ಇದಕ್ಕಿಂತ ಸರಳ. ಪಿಸ್ತೂಲಿನ ಸದ್ದಿನ ಗಂಟಿಗೆ ‘ಪಿಸ್ಟಲ್’ ಎಂಬುದರ ಹಿಂದೆ ‘ಡಿಎಸ್’ ಸೇರಿದ ಹೆಸರಿದೆ. ಹೋಳಿಯ ದಿನ ಓಣಿಯಲ್ಲಿ ಬಾರಿಸಿದ ಹಲಗಿಯ ಒಂದು ಪೆಟ್ಟನ್ನು ಫೋನಿನಲ್ಲಿ ಹಿಡಿದು, 11,025 ಹರ್ಟ್ಸಿನ, 8-ಬಿಟ್, ಒಂದೇ ಕಿವಿಯ ಸದ್ದಾಗಿ ಇಳಿಸಿ ಆ ಹೆಸರಿನಲ್ಲಿ ಇಟ್ಟೆ. ಪೆಟ್ಟಿನ ಮುಂಚಿನ ಮೌನವನ್ನು ಪೂರ್ತಿ ಕತ್ತರಿಸುವುದು ಮುಖ್ಯ, ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗ ಉಳಿದರೂ ಗುಂಡಿ ಒತ್ತಿದ್ದಕ್ಕೂ ಸದ್ದಿಗೂ ಸಂಬಂಧವೇ ಇಲ್ಲದಂತೆ ಅನಿಸುತ್ತದೆ. ಶತ್ರುಗಳ ಚಿತ್ರ ಬದಲಿಸುವುದು ಮಾತ್ರ ಡಾಸ್‌ನ ಮೂಲ ಡೂಮ್‌ನಲ್ಲಿ ಈ ಸುಲಭ ದಾರಿಯಲ್ಲಿ ಆಗುವುದಿಲ್ಲ. ಎಕ್ಸ್‌ಪಿಯಲ್ಲಿ, ಡೂಮ್‌ನ ಬಹಿರಂಗ ಸಂಕೇತದಿಂದ ಬೆಳೆದ ಪಿಆರ್‌ಬೂಮ್-ಪ್ಲಸ್ ಮೂಲಕ ಆಡುವವರಿಗೆ ಆ ಅಡ್ಡಿಯಿಲ್ಲ. ಸ್ವಂತ ನಕ್ಷೆ ಬರೆಯುವವರೂ ತಿಳಿದಿರಬೇಕಾದುದೆಂದರೆ, ಮೂಲ ಆಟ ಒಂದೇ ನೋಟದಲ್ಲಿ 128 ನೆಲ-ಚಾವಣಿ ತುಂಡುಗಳಿಗಿಂತ ಹೆಚ್ಚು ತೋರಿಸಲಾರದು, ದಾಟಿದರೆ ದೋಷ ತೋರಿಸಿ ನಿಲ್ಲುತ್ತದೆ. ದೊಡ್ಡ ಬಯಲುಗಳಿಗಿಂತ ಓಣಿ, ತಿರುವುಗಳೇ ಅದಕ್ಕೆ ಹಿತ.

ಬರೀ ಅಕ್ಷರಗಳ ಫೈಲು ತಿದ್ದಿ ಕಲಿಯಲು ಬಯಸುವವರಿಗೆ, 2003ರಲ್ಲಿ ಪಿಸಿಗೆ ಬಂದ ಜಿಟಿಎ ವೈಸ್ ಸಿಟಿ ಇದೆ. ಇದು ದೊಡ್ಡವರ ಆಟ, ಚಿಕ್ಕ ಮಕ್ಕಳಿರುವ ಮನೆಯಲ್ಲಿ ಆ ಎಚ್ಚರ ಇರಲಿ. ಅದರ ಡೇಟಾ ಫೋಲ್ಡರಿನಲ್ಲಿ ಹ್ಯಾಂಡ್ಲಿಂಗ್.ಸಿಎಫ್‌ಜಿ ಎಂಬ ಫೈಲಿದ್ದು, ನೋಟ್‌ಪ್ಯಾಡಿನಲ್ಲಿ ತೆರೆದರೆ ಒಂದೊಂದು ವಾಹನಕ್ಕೆ ಒಂದೊಂದು ಸಾಲು ಕಾಣುತ್ತದೆ. ಹೆಸರಿನ ಮುಂದಿನ ಮೊದಲ ಅಂಕಿ ಕಿಲೋಗ್ರಾಮಿನಲ್ಲಿ ತೂಕ. ಮುಂದೆ ಹೋದಂತೆ ಗೇರುಗಳ ಸಂಖ್ಯೆ, ಗರಿಷ್ಠ ವೇಗ, ವೇಗ ಏರುವ ಪ್ರಮಾಣ, ಎಳೆಯುವುದು ಮುಂದಿನ ಗಾಲಿಯೋ ಹಿಂದಿನದೋ ಎಂಬ ಅಕ್ಷರ, ಪೆಟ್ರೋಲೋ ಡೀಸೆಲ್ಲೋ ಎಂಬ ಅಕ್ಷರ. ಅರ್ಧವಿರಾಮ ಚಿಹ್ನೆಯಿಂದ ಆರಂಭವಾಗುವ ಸಾಲುಗಳಲ್ಲಿ ಯಾವ ಕಂಬಸಾಲು ಏನೆಂಬ ವಿವರಣೆಯನ್ನು ಮಾಡಿದವರೇ ಬರೆದಿಟ್ಟಿದ್ದಾರೆ, ಮೊದಲು ಅದನ್ನು ಓದಬೇಕು. ಟ್ಯಾಕ್ಸಿಯ ಸಾಲಿನಲ್ಲಿ ವೇಗ ಏರುವ ಪ್ರಮಾಣವನ್ನು ಸ್ವಲ್ಪವೇ ಹೆಚ್ಚಿಸಿ ಆಡಿದರೆ ವ್ಯತ್ಯಾಸ ಕೈಗೆ ತಿಳಿಯುತ್ತದೆ. ಎರಡು ಪಟ್ಟು ಮಾಡಿದರೆ ಗಾಡಿ ನೆಲದ ಮೇಲೆ ನಿಲ್ಲುವುದಿಲ್ಲ. ಆಟದ ಫ್ರೇಮ್ ಲಿಮಿಟರನ್ನು ಬಂದು ಮಾಡದಿರುವುದು ಒಳ್ಳೆಯದು, ಅದು ಸೆಕೆಂಡಿಗೆ ಸುಮಾರು 30 ಚಿತ್ರಗಳಿಗೆ ಕಟ್ಟಿಹಾಕುವ ಲೆಕ್ಕದ ಮೇಲೆಯೇ ಗಾಡಿಗಳ ಚಲನೆ ನಿಂತಿದೆ. ನಿಧಾನವೆನಿಸಿದರೆ, ಎಷ್ಟು ದೂರದವರೆಗಿನ ದೃಶ್ಯ ತೋರಿಸಬೇಕೆಂಬ ಡ್ರಾ ಡಿಸ್ಟನ್ಸ್ ತಗ್ಗಿಸಿ, ಬಣ್ಣವನ್ನು 16-ಬಿಟ್‌ಗೆ ಇಳಿಸಿ, ಬಯಾಸ್‌ನಲ್ಲಿ ಗ್ರಾಫಿಕ್ಸಿಗೆ ಮೀಸಲಿಡುವ ರ್‍ಯಾಮ್ ಹೆಚ್ಚಿಸಿ ನೋಡಬೇಕು. ಬೋರ್ಡಿನಲ್ಲಿ ಗ್ರಾಫಿಕ್ಸ್ ಕಾರ್ಡು ಸಿಕ್ಕಿಸುವ ಎಜಿಪಿ ಸ್ಲಾಟ್ ಖಾಲಿಯಿದ್ದರೆ ಬಳಸಿದ ಗ್ರಾಫಿಕ್ಸ್ ಕಾರ್ಡೊಂದು ಎಲ್ಲ ತಗ್ಗಿಸುವಿಕೆಗಿಂತ ಹೆಚ್ಚು ಲಾಭ ತರುತ್ತದೆ.

ಕ್ರಿಕೆಟ್ 07 ಹೆಸರು ಹೇಳದೆ ನಮ್ಮ ಭಾಗದಲ್ಲಿ ಈ ವಿಷಯ ಪೂರ್ತಿಯಾಗದು. 2006ರ ಕೊನೆಯಲ್ಲಿ ಬಂದ ಈ ಆಟದಲ್ಲಿ ಇಂಗ್ಲೆಂಡ್, ಆಸ್ಟ್ರೇಲಿಯಾ ಬಿಟ್ಟು ಉಳಿದ ತಂಡಗಳ ಆಟಗಾರರಿಗೆ ಪರವಾನಗಿಯಿಲ್ಲದ ಕಾರಣ ತಿರುಚಿದ ಹೆಸರುಗಳಿದ್ದವು. ಮಾರ್ಪಾಡು ಶುರುವಾದದ್ದೇ ನಮ್ಮವರ ನಿಜವಾದ ಹೆಸರು ತರಲು. ತಂಡ, ಆಟಗಾರರ ಪಟ್ಟಿಯಿರುವ ರೋಸ್ಟರ್ ಫೈಲನ್ನು ಮೈ ಡಾಕ್ಯುಮೆಂಟ್ಸ್ ಒಳಗೆ ಆಟ ತಾನೇ ಮಾಡಿಕೊಂಡ ಫೋಲ್ಡರಿಗೆ ಹಾಕಿ, ಆಟದೊಳಗಿನಿಂದ ಲೋಡ್ ಮಾಡಬೇಕು. ಅಂಗಿ, ಬ್ಯಾಟು, ಮೈದಾನಗಳ ಚಿತ್ರಗಳು ಆಟದ ಮುಖ್ಯ ಫೋಲ್ಡರಿಗೆ ಹೋಗುತ್ತವೆ. ನನ್ನ ತಂಡದಲ್ಲಿ ಗದಗಿನ ಸುನಿಲ್ ಜೋಶಿ ಇದ್ದಾರೆ. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ಎದುರು 10 ಓವರುಗಳಲ್ಲಿ 6 ರನ್ ಕೊಟ್ಟು 5 ವಿಕೆಟ್ ಪಡೆದ ಎಡಗೈ ಸ್ಪಿನ್ನರಿಗೆ ಆಟದಲ್ಲಿ ಜಾಗವಿರಲಿಲ್ಲವೆಂದು, ಬಳಕೆಯಾಗದ ಒಬ್ಬ ಬೌಲರಿನ ಸಾಲನ್ನು ಅವರಿಗಾಗಿ ತಿದ್ದಿದೆ. ಹೊಸಬರನ್ನು ಸೇರಿಸುವುದಕ್ಕಿಂತ ಇರುವವರ ಸಾಲನ್ನು ತಿದ್ದುವುದೇ ಇಲ್ಲಿ ಭದ್ರವಾದ ದಾರಿ, ಆಟಗಾರರ ಸಂಖ್ಯೆ ಮೂಲದಷ್ಟೇ ಉಳಿಯುತ್ತದೆ.

ಎಲ್ಲ ಹೊಂದಿದ ಮೇಲೆ ಡಿಸ್ಕಿನ ಪೂರ್ತಿ ಪ್ರತಿಯೊಂದನ್ನು ಇಮೇಜ್ ಫೈಲಾಗಿ ಹೊಸ ಯಂತ್ರದಲ್ಲಿ ತೆಗೆದಿಡಬೇಕು. ವಿಂಡೋಸ್, ಡ್ರೈವರು, ಆಟ, ಮಾರ್ಪಾಡು ಎಲ್ಲ ಸೇರಿ ನನ್ನದು 40 ಜಿಬಿ ಮೀರುವುದಿಲ್ಲ, ಅದಕ್ಕೆ ಇಂದಿನ ಒಂದು ಪೆನ್‌ಡ್ರೈವು ಸಾಕು. ಆಟದ ಸಿಡಿಗಳನ್ನೂ ಅದೇ ಹೊತ್ತಿಗೆ ಇಮೇಜ್ ಮಾಡಿಟ್ಟು, ಮೂಲ ಸಿಡಿಗಳನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಿದ ಡಬ್ಬಿಯಲ್ಲಿ ಇಡಬೇಕು. ಧಾರವಾಡದ ಮಳೆಗಾಲದಲ್ಲಿ ಯಂತ್ರವನ್ನು ವಾರಕ್ಕೊಮ್ಮೆಯಾದರೂ ಒಂದು ಗಂಟೆ ಓಡಿಸಿದರೆ ಒಳಗಿನ ಬಿಸಿಗೆ ತೇವ ಆರುತ್ತದೆ. ಆ ಒಂದು ಗಂಟೆಗೆ ಯುಪಿಎಸ್ ಇರಲಿ, ಏಕೆಂದರೆ ಸೇವ್ ಆಗುತ್ತಿರುವಾಗ ಕರೆಂಟು ಹೋದರೆ ವಿಂಡೋಸ್ 98ರ ಫ್ಯಾಟ್32 ಡಿಸ್ಕಿನಲ್ಲಿ ಕೆಡುವುದು ಆ ಒಂದು ಫೈಲು ಮಾತ್ರವಲ್ಲ, ಕೆಲವೊಮ್ಮೆ ಇಡೀ ಫೋಲ್ಡರ್.